ಸೆರಫಿನ್ ಮಾಯಿಯವರು ಕೌದಿಯ ನಡುವನ್ನು ಮುಚ್ಚಿದ ದಿನ

ಹಳಿಯಾಳದ ಕಡೆಯ ಕಾಡಂಚಿನಲ್ಲಿ ಹುಣಸೆಕೊಪ್ಪವೆಂಬ ಸಿದ್ದಿಗಳ ಕೇರಿ. ಅಲ್ಲಿಯ ಇಗರ್ಜಿಗೆ ಗೋಪುರವಿರಲಿಲ್ಲ. ಹಂಚಿನ ಮಾಡು, ಸೆಗಣಿ ಸಾರಿಸಿದ ನೆಲ, ಬಾಗಿಲ ಪಕ್ಕದ ಮರಕ್ಕೆ ತೂಗುಹಾಕಿದ ಗಂಟೆ. ಇಗರ್ಜಿಯ ಹಿಂಗೋಡೆಗೆ ಇಳಿಬಿಟ್ಟ ಒಂದು ಸಣ್ಣ ಮಾಡಿನ ಕೆಳಗೆ ಸೆರಫಿನ್ ಮಾಯಿಯವರು ವಾಸವಾಗಿದ್ದರು. ಒಂದು ಚಾಪೆ, ಒಂದು ಮಡಕೆ, ಗೋಡೆಯ ಮೇಲೆ ಒಂದು ಮರದ ಶಿಲುಬೆ. ಊರವರ ಕೋಳಿಗಳೆಲ್ಲ ತಮ್ಮ ತಮ್ಮ ಮನೆ ಬಿಟ್ಟು ಮಾಯಿಯವರ ಚಾಪೆಯ ಕೆಳಗೇ ಬಂದು ಮೊಟ್ಟೆಯಿಡುತ್ತಿದ್ದವು. ಮಾಯಿಯವರು ಒಂದನ್ನೂ ಇಟ್ಟುಕೊಳ್ಳದೆ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಹಂಚಿಬರುತ್ತಿದ್ದರು. ಯಾವ ಮೊಟ್ಟೆ ಯಾರ ಕೋಳಿಯದೆಂದು ನಿಮಗೆ ಹೇಗೆ ಗೊತ್ತಾಗುತ್ತದೆ ಎಂದು ಯಾರಾದರೂ ಕೇಳಿದರೆ, "ಯಾರ ಮನ್ಯಾಗ ಕೂಸು ಅಳತದೋ ಅವರದು" ಎನ್ನುತ್ತಿದ್ದರು.

ಪಾದ್ರಿಗಳು ಪೇಟೆಯಿಂದ ತಿಂಗಳಿಗೊಮ್ಮೆ ಬರುವರು. ಉಳಿದ ಭಾನುವಾರಗಳಲ್ಲಿ ಜನರನ್ನು ಕೂರಿಸಿ ಪ್ರಾರ್ಥನೆ ಹೇಳಿಸುವವರು ಮಾಯಿಯವರೇ. ಅವರು ಮುಟ್ಟಿದ್ದರಿಂದ ಕುರುಡರಿಗೆ ಕಣ್ಣು ಬಂದದ್ದಾಗಲಿ, ಒಣಗಿದ ಬಾವಿಯಲ್ಲಿ ನೀರುಕ್ಕಿದ್ದಾಗಲಿ ಇಲ್ಲ. ಅಂಥದನ್ನು ನೋಡಬೇಕೆಂದು ದೂರದಿಂದ ಬಂದವರಿಗೆ ಗಂಜಿ ಕೊಟ್ಟು, ಕಟ್ಟಿಗೆ ಒಡೆಸಿ ಕಳಿಸುತ್ತಿದ್ದರು. ಆದರೆ ಹುಣಸೆಕೊಪ್ಪದವರು ಇಂದಿಗೂ ಕಣ್ಣೊರೆಸಿಕೊಂಡು ಹೇಳುವುದು ಕೌದಿಯ ನಡುವನ್ನು ಮುಚ್ಚಿದ ದಿನದ ಸಂಗತಿ.

ಆ ಕೌದಿ ಹುಟ್ಟಿದ್ದು ಹೀಗೆ. ಪಾದ್ರಿಗಳು ಬಂದಿದ್ದ ಒಂದು ಭಾನುವಾರ ಪೂಜೆ ಮುಗಿದ ಮೇಲೆ ಮಾಯಿಯವರು ಪೀಠದ ಮೇಲಿನ ಸಂತರ ಪಟಗಳನ್ನು ಬಹಳ ಹೊತ್ತು ನೋಡುತ್ತ ನಿಂತರು. ಆಮೇಲೆ ಪಾದ್ರಿಗಳನ್ನು ಕರೆದು, "ಇವರೆಲ್ಲ ಬೆಳ್ಳಗದಾರ್ರಿ ಫಾದರ್. ಇರಲಿ, ಒಳ್ಳೇ ಮಂದಿ. ಆದರ ನಮ್ಮ ಕರಿ ಅವ್ವಂದ್ರು ಬಂದ್ರ ಎಲ್ಲೆ ಕೂಡಬೇಕು?" ಎಂದು ಕೇಳಿದರು. ಪಾದ್ರಿಗಳು ಪಕ್ಕದ ಕುರ್ಚಿಯನ್ನು ತೋರಿಸಿದರು. "ಅವರಿಗೆ ಕುರ್ಚಿ ಬ್ಯಾಡ್ರಿ. ನಮ್ಮವರು ನೆಲದ ಮ್ಯಾಲೆ ಕೂಡೂ ಮಂದಿ. ಒಂದು ಕೌದಿ ಹೊಲೀತೀವಿ" ಎಂದರು ಮಾಯಿಯವರು.

ಹಾಗೆ ಪೀಠದ ಮುಂದೆ ಹಾಸುವ ಕೌದಿ ಶುರುವಾಯಿತು. ಸಿದ್ದಿಗಳಲ್ಲಿ ಯಾವುದಾದರೂ ದಾರಿಯನ್ನು ಮೊದಲು ತುಳಿದ ಹೆಂಗಸರು ಯಾರ್ಯಾರೋ ಅವರ ಸೀರೆಯದೋ ರವಿಕೆಯದೋ ಒಂದು ತುಂಡು ತಂದು ಕೌದಿಗೆ ಹಚ್ಚುವುದು. ಮೊದಲ ಮೂಲೆಗೆ ಬರಿಯ ಕಪ್ಪು ಬಟ್ಟೆ. ಅದು, ಹಡಗಿನಲ್ಲಿ ತುಂಬಿಸಿ ತಂದು ಗೋವೆಯಲ್ಲಿ ಮಾರಿದಾಗ ತಪ್ಪಿಸಿಕೊಂಡು ಈ ಕಾಡಿಗೆ ಬಂದ ಅಜ್ಜಿಗೆ. ಅವಳ ಹೆಸರು ಯಾರಿಗೂ ತಿಳಿಯದು. ಆಮೇಲೆ ಅನ್ನಾಮೊರಿ, ಕೇರಿಯಲ್ಲಿ ಮೊದಲು ಅಕ್ಷರ ಕಲಿತು ಮಕ್ಕಳಿಗೆ ಜಪ ಹೇಳಿಕೊಟ್ಟವಳು. ಕೈತಾನಿ, ಜಾತಿ ಕೇಳದೆ ಸುತ್ತಿನ ಊರುಗಳ ಹೆರಿಗೆ ಮಾಡಿಸಿದವಳು. ಹೀಗೆ ಒಬ್ಬೊಬ್ಬರದು ಸೇರುತ್ತ ಹೋಯಿತು. ಇಗರ್ಜಿಯ ಹಬ್ಬದ ದಿನ ಮಾಯಿಯವರು ಒಂದೊಂದು ತುಂಡಿನ ಮೇಲೂ ಬೆರಳಿಟ್ಟು ಹೆಸರು ಹೇಳುವುದು, "ದೇವರೇ, ಅವಳ ಹಿಂದೆ ನಮ್ಮನ್ನೂ ನಡೆಸು" ಎಂದು ಜನ ಒಟ್ಟಿಗೆ ಹೇಳುವುದು. ಅದೇ ಪ್ರಾರ್ಥನೆ. ಅದಕ್ಕೆ ಪುಸ್ತಕ ಬೇಕಿರಲಿಲ್ಲ.

ಸಿದ್ದಿಗಳ ಕೌದಿಯನ್ನು ಮೂಲೆಯಿಂದ ಹಿಡಿದು, ಅಂಚಿನ ಸುತ್ತ ಸುತ್ತುತ್ತ, ಒಳಗೊಳಗೆ ಹೊಲಿಯುತ್ತ ಬರುತ್ತಾರೆ. ಕೊನೆಗೆ ನಡುವೆ ಅಂಗೈಯಗಲದ ಜಾಗ ಉಳಿಯುತ್ತದೆ. ಅಲ್ಲಿ ನಾಲ್ಕು ಕಾಳು ಅಕ್ಕಿ ಹಾಕಿ ಮುಚ್ಚುತ್ತಾರೆ. ಕೌದಿಯ ಹೊಟ್ಟೆ ಖಾಲಿ ಇರಬಾರದು, ಅದನ್ನು ಹೊದ್ದವರ ಹೊಟ್ಟೆಯೂ ಖಾಲಿ ಇರಬಾರದು ಎಂಬುದು ಅವರ ನಂಬಿಕೆ. ಒಮ್ಮೆ ಮುಚ್ಚಿದ ನಡುವನ್ನು ಮತ್ತೆ ಬಿಚ್ಚುವಂತಿಲ್ಲ.

ನಾಳೆ ಹಬ್ಬ ಎನ್ನುವಾಗ, ಶನಿವಾರ ಬೆಳಿಗ್ಗೆ, ಆ ಅಂಗೈಯಗಲದ ಜಾಗವೊಂದು ಉಳಿದಿತ್ತು. ಆಗ ಹಳ್ಳದಾಚೆಯ ಕೇರಿಯಿಂದ ನತಾಲಿನ್ ಬಂದಳು.

ಸೊಂಟದ ಮೇಲೆ ಎಳೆಯ ಮಗು, ಕಂಕುಳಲ್ಲಿ ಒಂದು ಕಂಬಳಿಯ ತುಂಡು, ಬಾಯಲ್ಲಿ ದಾರಿಯುದ್ದಕ್ಕೂ ಮಸೆದುಕೊಂಡು ಬಂದ ಮಾತು. ಅವಳು ಇಗರ್ಜಿಯ ಮೆಟ್ಟಿಲು ಹತ್ತಿ ವರ್ಷಗಳಾಗಿದ್ದವು. ಪ್ರಾರ್ಥನೆ ಎಂದರೆ ಅವಳಿಗೆ ಸಿಟ್ಟು. ಅವಳ ತಾಯಿ ದುಲ್ಸಿನ್ ಸತ್ತಾಗ ಮರಕ್ಕೆ ತೂಗಿದ ಈ ಗಂಟೆಯನ್ನು ಯಾರೂ ಬಾರಿಸಿರಲಿಲ್ಲ. ಬದುಕಿದ್ದಾಗ ಒಮ್ಮೆ ಆ ಮುದುಕಿ ಪೂಜೆಯ ಹೊತ್ತಿಗೆ ಬಂದು ಬಾಗಿಲ ಹೊರಗೆ ನಿಂತಿದ್ದಳು. ಯಾರಾದರೂ ಒಳಗೆ ಬಾ ಎಂದಾರೆಂದು ಕಾದಳು. ಯಾರೂ ಕರೆಯಲಿಲ್ಲ. ಪೂಜೆ ಮುಗಿಯುವ ಮೊದಲೇ ತಿರುಗಿ ನಡೆದುಬಿಟ್ಟಳು.

ದುಲ್ಸಿನ್ ಮಾಡಿದ ತಪ್ಪು ಇಷ್ಟೇ. ಆ ಕಾಲಕ್ಕೆ ಹುಣಸೆಕೊಪ್ಪದವರೆಲ್ಲ ಒಡೆಯರ ಮನೆಯ ಆಳುಗಳು. ಹುಟ್ಟುವುದು ಒಡೆಯರ ಕೊಟ್ಟಿಗೆಯಲ್ಲಿ, ಸಾಯುವುದು ಒಡೆಯರ ಗದ್ದೆಯ ಬದುವಿನ ಮೇಲೆ. ಒಂದು ಮುಂಜಾನೆ, ತುಂಬು ಬಸುರಿ ದುಲ್ಸಿನ್, ಒಡೆಯರ ಮನೆಯವರು ಕೊಟ್ಟ ಸೀರೆಯನ್ನು ಬಿಚ್ಚಿ ಕೊಟ್ಟಿಗೆಯ ಕಂಬಕ್ಕೆ ಹಾಕಿದಳು. ತನ್ನ ತಾಯಿಯ ಕಂಬಳಿಯನ್ನು ಮೈಗೆ ಸುತ್ತಿಕೊಂಡು ಹಳ್ಳ ದಾಟಿಬಿಟ್ಟಳು. ಹೊಟ್ಟೆಯಲ್ಲಿದ್ದದ್ದು ನತಾಲಿನ್. ಈ ಕೂಸು ಕೊಟ್ಟಿಗೆಯಲ್ಲಿ ಹುಟ್ಟಬಾರದು ಎಂಬುದಷ್ಟೇ ಅವಳಿಗೆ ಗೊತ್ತಿದ್ದದ್ದು. ಅವಳ ಹಿಂದೆ ಉಳಿದವರೂ ಹೊರಟಾರೆಂಬ ಭಯಕ್ಕೆ ಒಡೆಯರು ಮಾಡಿಸಿದ್ದನ್ನು ಅವಳು ಎಣಿಸಿರಲಿಲ್ಲ. ಮಳೆಗಾಲ ಹಿಡಿದ ದಿನವೇ ಒಡೆಯರು ಕಳಿಸಿದ ಹೊರಗಿನ ಜನ ಬಂದು ಕೇರಿಯ ಗುಡಿಸಲುಗಳನ್ನೆಲ್ಲ ಕಿತ್ತುಹಾಕಿದರು. ಜನ ಮರದ ಕೆಳಗೆ ಬಿದ್ದುಕೊಂಡರು. ಅಂದಿನಿಂದ ಹುಣಸೆಕೊಪ್ಪದಲ್ಲಿ ದುಲ್ಸಿನ್ ಎಂಬುದು ಬೈಗುಳವಾಯಿತು. ಮಗಳು ಎದುರುತ್ತರ ಕೊಟ್ಟರೆ ತಾಯಂದಿರು, "ದುಲ್ಸಿನ್ ಆಗ್ತೀಯೇನು?" ಎನ್ನುತ್ತಿದ್ದರು.

ಈಗ ಅದೇ ಇಗರ್ಜಿಯಲ್ಲಿ ಮೊದಲ ಹೆಜ್ಜೆಯಿಟ್ಟ ಹೆಂಗಸರಿಗೆ ಪ್ರಾರ್ಥನೆಯಂತೆ, ಕೌದಿಯಂತೆ. ನಾಳೆ ಆ ವರ್ಷ ಹುಟ್ಟಿದ ಕೂಸುಗಳನ್ನೆಲ್ಲ ಅದರ ಮೇಲೆ ಮಲಗಿಸಿ ಆಶೀರ್ವದಿಸುತ್ತಾರಂತೆ. ನತಾಲಿನ್ ಆಣೆ ಮಾಡಿದ್ದಳು: ಅವ್ವನಿಗೆ ಜಾಗವಿಲ್ಲದ ಕೌದಿಯ ಮೇಲೆ ನನ್ನ ಮಗಳನ್ನು ಮಲಗಿಸುವುದಿಲ್ಲ. ಅವ್ವನಿಗೆ ಜಾಗ ಸಿಗದಿದ್ದರೆ ಈ ಇಗರ್ಜಿಯೂ ಬೇಡ, ಇವರ ದೇವರೂ ಬೇಡ.

ಇಗರ್ಜಿಯ ನೆಲದ ಮೇಲೆ ಕೌದಿ ಹರಡಿತ್ತು. ನಾಲ್ಕು ಬದಿಗೂ ಹೆಂಗಸರು ಕೂತು ದಾರ ಎಳೆಯುತ್ತಿದ್ದರು. ಮಾಯಿಯವರು ಗೋಡೆಗೊರಗಿ, ಮಡಿಲಲ್ಲಿ ಏನನ್ನೋ ಮುಚ್ಚಿಟ್ಟುಕೊಂಡು ಕೂತಿದ್ದರು. ನತಾಲಿನ್‌ಳನ್ನು ಮೊದಲು ಕಂಡವಳು ಫಿಲ್ಸು. ಐವತ್ತರ ಹೆಂಗಸು, ಒಳ್ಳೆಯ ಹೊಲಿಗೆಗಾರ್ತಿ, ನಾಲಿಗೆ ಮಾತ್ರ ಕತ್ತಿ.

"ಯಾರು ಕರದ್ರು ನಿನ್ನ?"

"ಯಾರೂ ಕರೀಲಿಲ್ಲ ಫಿಲ್ಸಕ್ಕ. ಕರೀತಾರಂತ ಬಾಗಲದಾಗ ನಿಂತು ಕಾಯೂ ಕೆಲಸ ನಮ್ಮವ್ವ ಮಾಡಿದ್ಲು. ನನಗ ಅಷ್ಟು ತಾಳ್ಮಿ ಇಲ್ಲ." ನತಾಲಿನ್ ಕಂಬಳಿಯ ತುಂಡನ್ನು ಕೌದಿಯ ಅಂಚಿಗೆ ಇಟ್ಟಳು. "ಇದು ದುಲ್ಸಿನ್‌ಳದು. ಮೊದಲ ದಾಟಿದಾಕಿ ಆಕಿ. ಹಚ್ಚರಿ."

ಸೂಜಿಗಳು ನಿಂತವು. ಒಬ್ಬರ ಮುಖ ಒಬ್ಬರು ನೋಡಿದರು. ಫಿಲ್ಸು ಕಂಬಳಿಯನ್ನು ಎರಡು ಬೆರಳಲ್ಲಿ ಎತ್ತಿ ಅಮುಕಿ ನೋಡಿದಳು. "ಕೌದಿಗೆ ಕಂಬಳಿ ಹಚ್ಚಿದ್ದನ್ನ ಯಾರರ ಕಂಡೀರೇನು? ಸೂಜಿ ಇಳಿಯೂದಿಲ್ಲ ತಂಗಿ. ಒಯ್ಯಿ."

ಉಳಿದವರು ಹೌದು ಹೌದೆಂದರು. ಒಳ್ಳೆಯ ನೆಪ ಸಿಕ್ಕಿತೆಂದು ಅವರ ಮುಖ ಹಗುರಾಯಿತು.

"ಸೂಜಿ ಇಳಿಯೂದಿಲ್ಲೋ, ನಿಮಗ ಮನಸ್ಸು ಬರೂದಿಲ್ಲೋ?"

"ಬರೂದಿಲ್ಲ ಅಂತನ ತಿಳಕೋ. ಯೇಸುಸ್ವಾಮಿಗೆ ಹುಟ್ಟಾಕ ಕೊಟ್ಟಗಿ ಸಾಕಾತು. ನಿನಗ ಸಾಲಲಿಲ್ಲ."

"ಯೇಸುಸ್ವಾಮಿ ಅವ್ವಗ ಬ್ಯಾರೆ ಜಾಗ ಸಿಕ್ಕಿರಲಿಲ್ಲ. ನಮ್ಮವ್ವ ಹುಡಿಕ್ಕೊಂಡ್ಲು." ನತಾಲಿನ್‌ಳ ದನಿ ಏರಿತು. ಸೊಂಟದ ಮಗು ಬೆಚ್ಚಿ ಅವಳ ಕೊರಳ ಮಣಿಸರವನ್ನು ಹಿಡಿದುಕೊಂಡಿತು. "ಗುಡಿಸಲ ಹೋದ್ವು, ಖರೆ. ಬ್ಯಾರೆ ಕಟಗೊಂಡ್ರಿ. ಹೋಗಿದ್ದು ಹುಲ್ಲು, ಗಳ. ಅದಕ್ಕ ಒಂದು ಜನ್ಮ ಪೂರ್ತಿ ಒಬ್ಬಾಕಿನ್ನ ಬಾಗಲದ ಹೊರಗ ನಿಲ್ಲಸ್ತೀರೇನು?"

ಅಲ್ಲಿದ್ದ ಹೆಂಗಸರೆಲ್ಲರ ಕಣ್ಣು ಒಂದೇ ಕಡೆಗೆ ಹೋಯಿತು: ಮಾಯಿಯವರ ಮಡಿಲಿಗೆ. ಫಿಲ್ಸು ದನಿ ತಗ್ಗಿಸಿದಳು. ಅವಳು ದನಿ ತಗ್ಗಿಸಿದ್ದನ್ನು ಅಲ್ಲಿದ್ದವರು ಮೊದಲ ಸಲ ಕೇಳಿದ್ದು.

"ಹುಲ್ಲು ಗಳ ಅಷ್ಟ ಹೋಗಲಿಲ್ಲ ನತಾಲಿನ್. ಮಾಯಿ ಕೂಸು ಹೋತು. ಜಸಿಂತ್ ಅಂತ. ಹಾಲು ಕುಡಿಯೂ ಕೂಸು. ಮಳಿಯಾಗ ಮರದ ಬುಡಕ್ಕ ಮಲಗಿಸಿದ್ರು, ಥಂಡಿ ಹಿಡೀತು. ಈ ನಡುವಿನ ಜಾಗ ನಾವು ಅದಕ್ಕ ಬಿಟ್ಟೀವಿ. ಮಾಯಿ ಕೇಳಿಲ್ಲ. ನಾವಾಗೇ ಬಿಟ್ಟೀವಿ."

ನತಾಲಿನ್ ಮಾಯಿಯವರ ಮಡಿಲನ್ನು ನೋಡಿದಳು. ಅಲ್ಲಿ ಒಂದು ಕುಂಚಿಗೆ ಇತ್ತು. ಎಳೆಗೂಸಿನ ತಲೆಗೆ ಕಟ್ಟುವ ಕುಂಚಿಗೆ. ಒಗೆದು ಒಗೆದು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾದದ್ದು. ತನ್ನ ಮಗುವಿನ ತಲೆಗೆ ಅಳತೆ ಸರಿಯಾಗುತ್ತದೆ ಎಂದು ಅವಳ ಕಣ್ಣು ಅವಳನ್ನು ಕೇಳದೆಯೇ ಲೆಕ್ಕ ಹಾಕಿತು. ತಾಯಂದಿರ ಕಣ್ಣೇ ಹಾಗೆ. ಆಮೇಲೆ ಇನ್ನೊಂದು ಲೆಕ್ಕ ಹೊಳೆಯಿತು. ಆ ಮಳೆಗಾಲದಲ್ಲಿ ಹುಟ್ಟಿದವಳು ತಾನು. ಹಳ್ಳದಾಚೆ, ಕಂಬಳಿಯೊಳಗೆ, ಬೆಚ್ಚಗೆ. ಅದೇ ಮಳೆಯಲ್ಲಿ ಹಳ್ಳದ ಈಚೆ ಈ ಕೂಸು ಹೋಗಿತ್ತು.

ದಾರಿಯುದ್ದಕ್ಕೂ ಮಸೆದು ತಂದ ಮಾತಿನಲ್ಲಿ ಒಂದೂ ಅವಳ ಕೈಗೆ ಸಿಗಲಿಲ್ಲ. ಬಾಗಿ ಕಂಬಳಿಯನ್ನು ಎತ್ತಿಕೊಂಡಳು. ಬಾಗಿಲ ಕಡೆ ತಿರುಗಿದಳು.

"ಕೂಡವ್ವ" ಎಂದರು ಮಾಯಿಯವರು.

ಅವಳು ನಿಂತಲ್ಲೇ ನಿಂತಳು.

"ನಡದು ಬಂದೀದಿ. ಕೂಸು ಹಸದೈತಿ. ಕೂಡು, ಹಾಲು ಕೊಡು. ಅದನ್ನ ಇತ್ತ ತಾ."

ನತಾಲಿನ್ ಕಂಬಳಿಯನ್ನು ಕೊಟ್ಟಳು. ಕೂತು ಮಗುವನ್ನು ಮಡಿಲಿಗೆ ಹಾಕಿಕೊಂಡಳು. ಮಾಯಿಯವರು ಕಂಬಳಿಯನ್ನು ಕೆನ್ನೆಗೆ ಒತ್ತಿಕೊಂಡರು. ಕಣ್ಣು ಮುಚ್ಚಿದರು. ಹೊರಗೆ ಒಂದು ಕೋಳಿ ಮೊಟ್ಟೆಯಿಟ್ಟು ಊರಿಗೆಲ್ಲ ಸಾರುತ್ತಿತ್ತು. ಮಾಯಿಯವರು ಕಣ್ಣು ತೆರೆದು ಫಿಲ್ಸುವನ್ನು ನೋಡಿದರು.

"ಫಿಲ್ಸು, ನೀ ಈಗ ಯಾರ ಮನಿ ದನ ಕಾಯ್ತಿ?"

ಫಿಲ್ಸು ತಬ್ಬಿಬ್ಬಾದಳು. "ಇದೇನ್ ಕೇಳ್ತೀರಿ ಮಾಯಿ? ನನ್ನವ ಎರಡ ಎಮ್ಮಿ ಅದಾವ. ಮಂದೀವು ನಾ ಯಾಕ ಕಾಯ್ಲಿ?"

ಹೇಳಿದ ಮೇಲೆ ಅವಳ ಮಾತು ಅವಳಿಗೇ ಕೇಳಿಸಿತು. ದುಲ್ಸಿನ್ ಹೋದ ಮೇಲಿನ ವರ್ಷ ಒಂದು ಮನೆ ಹಳ್ಳ ದಾಟಿತ್ತು. ಅದರ ಮೇಲಿನ ವರ್ಷ ಮತ್ತೆರಡು. ಒಡೆಯರು ಎಷ್ಟು ಗುಡಿಸಲುಗಳನ್ನು ಕೀಳಿಸಿಯಾರು? ಕೇರಿಯಲ್ಲೇ ಉಳಿದವರೂ ಒಬ್ಬೊಬ್ಬರಾಗಿ ಒಡೆಯರ ಆಳುತನ ಬಿಟ್ಟರು, ಕೊನೆಗೊಂದು ದಿನ ಕೊಟ್ಟಿಗೆಯೇ ಖಾಲಿಯಾಯಿತು. ಇದೆಲ್ಲ ಅಲ್ಲಿದ್ದ ಪ್ರತಿಯೊಬ್ಬಳಿಗೂ ಗೊತ್ತಿತ್ತು. ಕೂಡಿಸಿ ನೋಡಿರಲಿಲ್ಲ, ಅಷ್ಟೇ.

ಮಾಯಿಯವರು ಮಂಡಿಯೂರಿ ಕೌದಿಯ ಮೇಲೆ ತೆವಳುತ್ತ ನಡುವಿಗೆ ಬಂದರು. ಕಂಬಳಿಯ ತುಂಡನ್ನು ಆ ಖಾಲಿ ಜಾಗದಲ್ಲಿ ಹಾಸಿದರು. ಅಂಗೈಯಲ್ಲಿ ಸವರಿ ನೆರಿಗೆ ತೆಗೆದರು. ಅದರ ಮೇಲೆ ಅಕ್ಕಿಯ ಕಾಳು ಇಟ್ಟರು. ಅಕ್ಕಿಯ ಮೇಲೆ ತಮ್ಮ ಮಡಿಲಿನ ಕುಂಚಿಗೆಯನ್ನು ಬಿಡಿಸಿ ಹೊದಿಸಿದರು. ಕುಂಚಿಗೆ ಚಿಕ್ಕದು. ಅದರ ಸುತ್ತಲೂ ಕಂಬಳಿಯ ಕಪ್ಪು ಅಂಚು ಕಾಣುತ್ತಿತ್ತು.

ನತಾಲಿನ್ ಬಿಕ್ಕಿದಳು. "ಮಾಯಿ, ಬ್ಯಾಡ್ರಿ. ನಮ್ಮವ್ವನಿಂದನ ನಿಮ್ಮ ಕೂಸು..."

ಮಾಯಿಯವರು ತಲೆಯೆತ್ತಲಿಲ್ಲ. ಕೂಸಿಗೆ ಹೊದಿಕೆ ಸರಿಮಾಡುವ ಹಾಗೆ ಕುಂಚಿಗೆಯ ತುದಿಯನ್ನು ಎಳೆದು ಸರಿಮಾಡುತ್ತ ಹೇಳಿದರು:

"ಆ ಮಳಿಯಾಗ ನನ್ನ ಕೂಸಿಗೆ ಕಂಬಳಿ ಇರಲಿಲ್ಲ. ಈಗ ಬಂತು."

ಮಾಯಿಯವರು ಸೂಜಿ ಚುಚ್ಚಿದರು. ಕುಂಚಿಗೆಯಲ್ಲಿ ಇಳಿದ ಸೂಜಿ ಕಂಬಳಿಗೆ ಬಂದು ನಿಂತಿತು. ಮತ್ತೆ ಒತ್ತಿದರು. ಸೂಜಿ ಬಾಗಿತು. ಫಿಲ್ಸು ಹೇಳಿದ್ದು ಸುಳ್ಳಾಗಿರಲಿಲ್ಲ.

ಫಿಲ್ಸು ಸೆರಗಿನಿಂದ ಮೂಗೊರೆಸಿಕೊಂಡು ಎದ್ದಳು. "ನಾ ಹೇಳಲಿಲ್ಲೇನು, ಇಳಿಯೂದಿಲ್ಲಂತ. ಯಾರು ಕೇಳಬೇಕು ನನ್ನ ಮಾತು. ತಡೀರಿ." ದಡದಡ ಮನೆಗೆ ಹೋದವಳು ಗೋಣಿಚೀಲ ಹೊಲಿಯುವ ದಬ್ಬಣ ಹಿಡಿದುಕೊಂಡು ಬಂದಳು. ಅದನ್ನು ಮಾಯಿಯವರಿಗೆ ಕೊಡಲು ಹೋದರೆ ಅವರು ತೆಗೆದುಕೊಳ್ಳಲಿಲ್ಲ. ಕಣ್ಣಿನಿಂದಲೇ ನತಾಲಿನ್‌ಳನ್ನು ತೋರಿಸಿದರು.

ಕೌದಿಯ ನಡುವನ್ನು ಮುಚ್ಚುವುದು ಗುಂಪಿನ ಹಿರಿಯಳ ಹಕ್ಕು. ಎಲ್ಲಿಯೂ ಅದನ್ನು ಹೊರಗಿನಿಂದ ಬಂದವಳಿಗೆ ಕೊಡುವುದಿಲ್ಲ. ಫಿಲ್ಸು ಒಂದು ಕ್ಷಣ ನಿಂತಳು. ಆಮೇಲೆ ದಬ್ಬಣವನ್ನು ನತಾಲಿನ್‌ಳ ಕೈಗೆ ಕೊಟ್ಟು, ಅವಳ ಮಡಿಲಿನಿಂದ ಮಗುವನ್ನು ಎತ್ತಿಕೊಂಡಳು.

"ಅಬ್ಬ, ಏನ ಭಾರ ಐತಿ. ಏನು, ಕಲ್ಲು ತಿನಸ್ತೀಯೇನು ಇದಕ್ಕ? ಹೊಲಿ ಹೊಲಿ. ಸೊಟ್ಟ ಮಾಡಬ್ಯಾಡ."

ಸೊಟ್ಟಗೇ ಆಯಿತು. ಕಣ್ಣು ತುಂಬಿಕೊಂಡವಳ ಹೊಲಿಗೆ ನೆಟ್ಟಗೆ ಬಂದೀತು ಹೇಗೆ? ದಬ್ಬಣ ಒಮ್ಮೆ ಬೆರಳಿಗೂ ಚುಚ್ಚಿತು. ಕುಂಚಿಗೆಯ ಸುತ್ತ ದಪ್ಪ ದಪ್ಪ ಹೊಲಿಗೆ, ಒಂದು ಉದ್ದ, ಒಂದು ಗಿಡ್ಡ. ಬಿಚ್ಚಿ ಸರಿಮಾಡಿ ಎಂದು ಯಾರೂ ಅನ್ನಲಿಲ್ಲ, ಬಿಚ್ಚುವಂತೆಯೂ ಇರಲಿಲ್ಲ. ಕೊನೆಯ ಗಂಟು ಹಾಕಿದಾಗ ಮಾಯಿಯವರು ಅವಳ ತಲೆಯ ಗುಂಗುರು ಕೂದಲೊಳಗೆ ಬೆರಳು ತೂರಿಸಿ ಒಮ್ಮೆ ಒತ್ತಿದರು. ದುಲ್ಸಿನ್ ಸತ್ತ ಮೇಲೆ ಆ ತಲೆಯ ಮೇಲೆ ಯಾರೂ ಹಾಗೆ ಕೈಯಿಟ್ಟಿರಲಿಲ್ಲ.

ಮರುದಿನ ಪೀಠದ ಮುಂದೆ ಕೌದಿ ಹಾಸಿದರು. ಮಾಯಿಯವರ ಬೆರಳು ಹೆಸರಿಲ್ಲದ ಅಜ್ಜಿಯ ಮೂಲೆಯಿಂದ ಹೊರಟು ಸುತ್ತುತ್ತ ಸುತ್ತುತ್ತ ನಡುವಿಗೆ ಬಂತು. "ದುಲ್ಸಿನ್" ಎಂದರು ಅವರು. "ಮೊದಲು ಹಳ್ಳ ದಾಟಿದವಳು."

ಅಷ್ಟು ವರ್ಷ ಬೈಗುಳವಾಗಿದ್ದ ಹೆಸರು. ಆಗ ಹಿಂದಿನ ಸಾಲಿನಿಂದ ಫಿಲ್ಸುವಿನ ಒಡಕು ಗಂಟಲು ಎಲ್ಲರಿಗಿಂತ ಮೊದಲು ಎದ್ದಿತು: "ದೇವರೇ, ಅವಳ ಹಿಂದೆ ನಮ್ಮನ್ನೂ ನಡೆಸು." ಉಳಿದವರ ದನಿ ಅದರ ಹಿಂದೆ ಬಂತು.

ನತಾಲಿನ್ ಮಂಡಿಯೂರಿದ್ದಳು. ಇನ್ನೊಂದು ಹೆಸರಿಗಾಗಿ ಕಾದಳು. ಅದು ಬರಲಿಲ್ಲ. ಮಾಯಿಯವರ ಬೆರಳು ಮಾತ್ರ ಕುಂಚಿಗೆಯ ಮೇಲೆ ಉಳಿದೆಲ್ಲ ತುಂಡುಗಳ ಮೇಲಿಗಿಂತ ತುಸು ಹೆಚ್ಚು ಹೊತ್ತು ನಿಂತು, ಆಮೇಲೆ ಮೇಲೆದ್ದಿತು. ತಮ್ಮ ಕೂಸಿಗಾಗಿ ಅವರು ಜನರ ಬಾಯಿಂದ ಒಂದು ಪ್ರಾರ್ಥನೆಯನ್ನೂ ಬೇಡಲಿಲ್ಲ.

ಆಮೇಲೆ ಕೂಸುಗಳನ್ನು ಮಲಗಿಸಿದರು. ನತಾಲಿನ್ ತನ್ನ ಮಗಳನ್ನು ತಾನೇ ತಂದು ಸರಿಯಾಗಿ ನಡುವೆ ಮಲಗಿಸಿದಳು. ಪಾದ್ರಿಗಳು ತೀರ್ಥ ಚಿಮುಕಿಸಿದರು. ಮಗು ಒಮ್ಮೆ ಮೈಮುರಿದು, ಕೌದಿಯನ್ನು ಧಾರಾಳವಾಗಿ ಒದ್ದೆ ಮಾಡಿತು. ಪಾದ್ರಿಗಳು ನಿಲುವಂಗಿಯ ಅಂಚು ಎತ್ತಿಕೊಂಡು ಹಿಂದೆ ಸರಿದರು. "ಆತು. ಮ್ಯಾಲಿಂದೂ ಆಶೀರ್ವಾದ ಆತು, ಕೆಳಗಿಂದೂ ಆತು" ಎಂದಳು ಫಿಲ್ಸು. ಮಾಯಿಯವರು ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. ಅವರು ಹಾಗೆ ನಕ್ಕದ್ದನ್ನು ನೆನೆದೇ ಆ ಕೌದಿಯ ಮಾತನ್ನು ಕೇರಿಯವರು ಇಂದಿಗೂ ಶುರು ಮಾಡುತ್ತಾರೆ.

ಅಂದಿನಿಂದ ನತಾಲಿನ್ ಪ್ರತಿ ಭಾನುವಾರ ಹಳ್ಳ ದಾಟಿ ಬಂದಳು. ಅವಳ ನಾಲಿಗೆ ಮೆತ್ತಗಾಯಿತೆಂದು ಯಾರೂ ಹೇಳುವುದಿಲ್ಲ. ಆದರೆ ಬಾಗಿಲ ಹೊರಗೆ ಯಾರಾದರೂ ನಿಂತದ್ದು ಕಂಡರೆ, ಪ್ರಾರ್ಥನೆಯ ನಡುವೆಯೇ ಎದ್ದು ಹೋಗಿ ಕೈ ಹಿಡಿದು ಒಳಗೆ ಕರೆತರುವವಳು ಅವಳೇ. ಕೆಲವು ವರ್ಷಗಳ ಮೇಲೆ ಸೆರಫಿನ್ ಮಾಯಿಯವರು ದೇವರ ಪಾದ ಸೇರಿದಾಗ, ಹೆಸರು ಹೇಳುವ ಬೆರಳು ಇನ್ನು ಯಾರದು ಎಂಬ ಪ್ರಶ್ನೆ ಬಂತು. "ಸೊಟ್ಟ ಹೊಲಿದಾಕಿನ ಹೇಳಲಿ" ಎಂದಳು ಫಿಲ್ಸು.

ಈಗ ಕೇರಿಯ ಮಕ್ಕಳು ನತಾಲಿನ್‌ರನ್ನೂ ಮಾಯಿ ಎಂದೇ ಕರೆಯುತ್ತಾರೆ. ಹಬ್ಬದ ದಿನ ಅವರ ಬೆರಳು ಕಪ್ಪು ಬಟ್ಟೆಯ ಮೂಲೆಯಿಂದ ಹೊರಟು ನಡುವಿಗೆ ಬರುತ್ತದೆ. ಕಂಬಳಿಯ ಅಂಚಿನ ಮೇಲೆ ಬೆರಳಿಟ್ಟು ದುಲ್ಸಿನ್ ಎನ್ನುತ್ತಾರೆ. ಕುಂಚಿಗೆಯ ಮೇಲೆ ಬೆರಳಿಟ್ಟು, ಆ ಕೂಸಿನ ತಾಯಿ ಒಮ್ಮೆಯೂ ಬೇಡದೆ ಹೋದ ಪ್ರಾರ್ಥನೆಯನ್ನು ಬೇಡುತ್ತಾರೆ: ಜಸಿಂತ್. ಇನ್ನೊಂದು ಹೆಸರಿಗೆ ಕೌದಿಯಲ್ಲಿ ಬಟ್ಟೆಯಿಲ್ಲ. ಮುಚ್ಚಿದ ಕೌದಿಗೆ ಮತ್ತೆ ಸೇರಿಸುವಂತಿಲ್ಲ. ಆಗ ಅವರು ಕಂಬಳಿಯನ್ನೂ ಕುಂಚಿಗೆಯನ್ನೂ ಹಿಡಿದುಕೊಂಡಿರುವ ಆ ಸೊಟ್ಟ ಹೊಲಿಗೆಯ ದಾರದ ಮೇಲೆ ಬೆರಳಿಡುತ್ತಾರೆ.

"ಸೆರಫಿನ್" ಎನ್ನುತ್ತಾರೆ.

ಇಗರ್ಜಿಯ ಒಳಗಿನವರೂ ಆಗಷ್ಟೇ ಬಾಗಿಲಿಂದ ಒಳಗೆ ಬಂದವರೂ ಒಂದೇ ದನಿಯಲ್ಲಿ ಹೇಳುತ್ತಾರೆ: ದೇವರೇ, ಅವಳ ಹಿಂದೆ ನಮ್ಮನ್ನೂ ನಡೆಸು.